ಊರಿನ ನಂಬರು ಜೀವಂತ ಇರಲಿ

ಮಕ್ಕಳ ಮನೆಗೆಂದು ಪರದೇಶದ ವಿಮಾನ ಹತ್ತಲು ಸಜ್ಜಾಗಿರುವ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ತಾಲೂಕುಗಳ ಕಾಕಾ-ಕಾಕೂ, ಮಾಮಾ-ಅತ್ತಿ, ಅಣ್ಣ-ಅಕ್ಕಂದಿರಿಗೆಲ್ಲ ಶರಣು.

ನಿಮ್ಮ ಮನೆಗಳಲ್ಲಿ ಈಗ ಏನು ನಡೆದಿದೆ ಎಂದು ಬಲ್ಲೆ. ಖಡಕ್ ರೊಟ್ಟಿ ಬಡಿಯುವವರು ಒಂದು ಕಡೆ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಕುಟ್ಟುವವರು ಇನ್ನೊಂದು ಕಡೆ. ಮಹಾಲಿಂಗಪುರದ ಬೆಲ್ಲ ಎಷ್ಟು ಒಯ್ಯಬೇಕು, ಸೊಸೆಗೆ ಬನಹಟ್ಟಿಯ ಸೀರೆ ಎರಡು ಸಾಕೋ ನಾಲ್ಕು ಬೇಕೋ, ಬ್ಯಾಗಿನ ತೂಕ 23 ಕಿಲೋ ದಾಟೀತೋ ಎಂಬ ಚರ್ಚೆ ಮುಗಿಯುತ್ತಿಲ್ಲ. ಪಾಸ್‌ಪೋರ್ಟು, ವೀಸಾ, ಟಿಕೆಟ್ಟು, ವಿಮೆ, ಬಿಪಿ ಗುಳಿಗೆಯ ಚೀಟಿ ಎಲ್ಲವೂ ಪ್ಲಾಸ್ಟಿಕ್ ಫೈಲಿನಲ್ಲಿ ಸೇರಿವೆ. ಫೋನಿನ ಮಾತು ಬಂದಾಗ ಮಾತ್ರ ಎಲ್ಲರದೂ ಒಂದೇ ಉತ್ತರ: "ಅದೇನ್ ಬಿಡ್ರಿ, ಅಲ್ಲಿ ಹೋದಮ್ಯಾಲ ಹುಡುಗ ನೋಡ್ಕೋತಾನ."

ಆ ಉತ್ತರಕ್ಕೆ ತಕರಾರು ಎತ್ತಲಿಕ್ಕೇ ಈ ಪತ್ರ. ಹುಡುಗ ಅಲ್ಲಿಯ ಸಿಮ್ ಕೊಡಿಸುತ್ತಾನೆ, ಸಂಶಯವೇ ಬೇಡ. ಆದರೆ ನಿಮ್ಮ ಇಲ್ಲಿಯ ನಂಬರನ್ನು ಅವನು ಅಲ್ಲಿ ಕೂತು ಉಳಿಸಿಕೊಡಲಾರ. ಪರದೇಶದ ಪ್ಲಾನ್ ಸಿಗುವುದು ಈಗ ಒಂದು ತಾಸಿನ ಕೆಲಸ. ಊರಿನ ನಂಬರನ್ನು ಆರು ತಿಂಗಳು ಸಾಯದಂತೆ ಇಡುವುದೇ ನಿಜವಾದ ಕೆಲಸ, ಅದನ್ನು ಮುಗಿಸಬೇಕಾದದ್ದು ಇಲ್ಲೇ, ವಿಮಾನ ಹತ್ತುವ ಮೊದಲು.

ಮೊದಲು ರೋಮಿಂಗ್ ವಿಷಯ. ನಿಮ್ಮ ಜಿಯೋ, ಏರ್‌ಟೆಲ್, ವಿಐ ಅಥವಾ ಬಿಎಸ್ಸೆನ್ನೆಲ್ ಸಿಮ್ ಪರದೇಶದಲ್ಲಿ ನಡೆಯುವುದು ಅಲ್ಲಿಯ ಕಂಪನಿಯ ಟವರಿನ ಮೇಲೆ. ಅದಕ್ಕೆ ಇಲ್ಲಿಯ ಕಂಪನಿ ಅಲ್ಲಿಯವರಿಗೆ ದುಡ್ಡು ಕಟ್ಟಬೇಕು, ಆ ದುಡ್ಡು ನಿಮ್ಮಿಂದಲೇ ಬರಬೇಕು. ಪಕ್ಕದ ಹೊಲದವನ ಬಾವಿಯಿಂದ ತಾಸಿಗಿಷ್ಟು ಎಂದು ನೀರು ಕೊಂಡು ಕಬ್ಬಿಗೆ ಹಾಯಿಸಿದ ಹಾಗೆ: ಒಂದು ಸಲದ ನೀರಿಗೆ ಅಡ್ಡಿಯಿಲ್ಲ, ಇಡೀ ಹಂಗಾಮು ಹಾಗೆ ಮಾಡಿದರೆ ಬಿಲ್ಲಿನಲ್ಲಿ ಉಳಿಯುವುದೇನೂ ಇಲ್ಲ. ಇನ್ನೊಂದು ಮಾತು ನಮ್ಮ ಜನಕ್ಕೆ ತಟ್ಟನೆ ತಲೆಗೆ ಹೋಗುವುದಿಲ್ಲ. ಪ್ಯಾಕ್ ಹಾಕಿಸದೆ ರೋಮಿಂಗ್‌ನಲ್ಲಿದ್ದರೆ ಬರುವ ಕರೆಗೂ ದುಡ್ಡು ಕಡಿಯುತ್ತದೆ. "ಮಿಸ್ಡ್ ಕಾಲ್ ಕೊಡ್ರಿ, ನಾವ ಮಾಡ್ತೀವಿ" ಅನ್ನುವ ಊರಿನ ಉಪಾಯ ಅಲ್ಲಿ ನಡೆಯದು.

ಹಾಗಂತ ರೋಮಿಂಗ್ ಪ್ಯಾಕ್ ಕೆಟ್ಟದ್ದೇನಲ್ಲ. ಗೊಬ್ಬರದ ಕಂಪನಿ, ಸಿಮೆಂಟ್ ಕಂಪನಿಗಳು ಟಾರ್ಗೆಟ್ ಮುಟ್ಟಿದ ಡೀಲರುಗಳನ್ನು ಬ್ಯಾಂಕಾಕ್, ದುಬೈ ಅಂತ ನಾಲ್ಕೈದು ದಿನಕ್ಕೆ ಕರೆದೊಯ್ಯುತ್ತವಲ್ಲ, ಅಂಥವರಿಗೆ ಅದೇ ಸರಿ. ಇಲ್ಲಿಂದಲೇ ಪ್ಯಾಕ್ ಹಾಕಿಸಿ, ಹೋಗಿ, ಬಂದುಬಿಡಿ. ಮಗಳ ಬಾಣಂತನಕ್ಕೆ ಹೊರಟವರಿಗೆ, ಮೊಮ್ಮಗನನ್ನು ನೋಡಿಕೊಳ್ಳಲು ಹೊರಟವರಿಗೆ ಅದು ಸಲ್ಲದು. ಅಮೆರಿಕದ ವಿಸಿಟರ್ ವೀಸಾದ ಮೇಲೆ ಹೋದವರಿಗೆ ವಿಮಾನ ನಿಲ್ದಾಣದ ಅಧಿಕಾರಿ ಸಾಮಾನ್ಯವಾಗಿ ಆರು ತಿಂಗಳವರೆಗೆ ಇರಲು ಬಿಡುತ್ತಾನೆ. ನಮ್ಮವರು ಆರೂ ತಿಂಗಳು ಇದ್ದೇ ಬರುತ್ತಾರೆ. ಅಷ್ಟು ದಿನಕ್ಕೆ ಅಲ್ಲಿಯ ಸಿಮ್ಮೇ ಬೇಕು.

ಅಮೆರಿಕದಲ್ಲಿ ಪ್ರೀಪೇಯ್ಡ್ ಸಿಮ್ ಕೊಳ್ಳುವುದು ನಮ್ಮಲ್ಲಿಗಿಂತ ಸಲೀಸು. ಆಧಾರ್ ಇಲ್ಲ, ಹೆಬ್ಬೆಟ್ಟು ಇಲ್ಲ, ಫೋಟೋ ಇಲ್ಲ. ಕೆಲವು ಅಂಗಡಿಗಳಲ್ಲಿ ಹಾಲು-ಬ್ರೆಡ್ಡಿನ ಸಾಲಿನ ಪಕ್ಕದಲ್ಲೇ ಸಿಮ್ಮಿನ ಪಾಕೀಟು ತೂಗುಹಾಕಿರುತ್ತಾರೆ. ದೊಡ್ಡ ಕಂಪನಿಗಳು ಮೂರು: ವೆರೈಜನ್, ಎಟಿ ಆ್ಯಂಡ್ ಟಿ, ಟಿ-ಮೊಬೈಲ್. ಇವುಗಳ ಟವರುಗಳನ್ನೇ ಬಳಸಿಕೊಂಡು ಕಡಿಮೆ ದರದಲ್ಲಿ ಸೇವೆ ಕೊಡುವ ಸಣ್ಣ ಹೆಸರುಗಳೂ ಇವೆ. ಟಿ-ಮೊಬೈಲ್ ಟವರಿನ ಮೇಲೆ ಮಿಂಟ್, ವೆರೈಜನ್ ಮೇಲೆ ವಿಸಿಬಲ್. ಮಿಂಟ್‌ನಂಥ ಕಡೆ ಮೂರು ತಿಂಗಳಿನದು ಒಮ್ಮೆಲೇ ಕಟ್ಟಿದರೆ ತಿಂಗಳಿಗೆ 15 ಡಾಲರ್ ಆಸುಪಾಸಿನಿಂದ ಪ್ಲಾನ್ ಸುರು. ಅಂದರೆ ಎರಡು ಸಲ ಕಟ್ಟಿದರೆ ನಿಮ್ಮ ಆರು ತಿಂಗಳು ಮುಗಿಯಿತು. ಮಗನ ಫ್ಯಾಮಿಲಿ ಪ್ಲಾನಿಗೆ ಇನ್ನೊಂದು ಲೈನ್ ಸೇರಿಸುವುದೂ ಒಂದು ದಾರಿ, ಆದರೆ ನೀವು ಮರಳಿ ಬಂದ ಮೇಲೆ ಅದನ್ನು ತೆಗೆಸಲು ಮರೆತು ತಿಂಗಳು ತಿಂಗಳು ಡಾಲರ್ ಕಟ್ಟುವ ಮಕ್ಕಳೇ ಜಾಸ್ತಿ.

ಪ್ಲಾನ್ ಆರಿಸುವಾಗ ಒಂದು ಪ್ರಶ್ನೆ ಕೇಳಿ: ಇದರಲ್ಲಿ ಭಾರತಕ್ಕೆ ನೇರ ಕರೆ ಇದೆಯೇ? ಮಗ "ವಾಟ್ಸ್ಯಾಪ್ ಐತಲ್ಲಪಾ, ಅದೆಲ್ಲ ಯಾಕ ಬೇಕು" ಅನ್ನುತ್ತಾನೆ. ಅವನಿಗೆ ವಾಟ್ಸ್ಯಾಪ್ ಇದ್ದವರು ಸಾಕು. ನಿಮಗೆ ಗಲಗಲಿಯಲ್ಲಿರುವ ಅಕ್ಕ ಬೇಕು, ಹೊಲದಲ್ಲಿ ನೀರು ಹಾಯಿಸುವ ಆಳು ಬೇಕು. ಅವರ ಹತ್ತಿರ ಇರುವುದು ಡಬ್ಬಾ ಫೋನು. ಲೈಕಾದಂಥ ಕಂಪನಿಗಳ ಪ್ಯಾಕಿನಲ್ಲಿ ಭಾರತದ ಕರೆ ಸೇರಿರುವುದುಂಟು. ಒಂದೆರಡು ಡಾಲರ್ ಹೆಚ್ಚಾದರೂ ಅದನ್ನೇ ತಗೊಳ್ಳಿ.

ಡಬ್ಬಾ ಫೋನ್ ಅಂದಾಗ ನೆನಪಾಯಿತು. ಕೆಲವರು ತಮ್ಮ ಬಟನ್ ಫೋನನ್ನೇ ಒಯ್ಯುತ್ತಾರೆ, "ಇದರಾಗ ಮಾತಾಡೂದು ರೂಢಿ ಐತ್ರಿ" ಎಂದು. ಅಮೆರಿಕದಲ್ಲಿ ಅದು ಆಟಿಗೆಯೇ. ನಮ್ಮ 2ಜಿ ನಡೆಯುವುದು 900 ಮತ್ತು 1800 ಮೆಗಾಹರ್ಟ್ಸ್ ತರಂಗಗಳ ಮೇಲೆ. ಅಮೆರಿಕದವರು ಬಳಸಿದ್ದು 850 ಮತ್ತು 1900. 3ಜಿಯನ್ನಂತೂ ಅಲ್ಲಿಯ ಮೂರೂ ಕಂಪನಿಗಳು 2022ರಲ್ಲೇ ಮುಚ್ಚಿಬಿಟ್ಟವು. ಈಗ ಮಾತಿನ ಕರೆಯೂ 4ಜಿ ಅಥವಾ 5ಜಿ ಮೇಲೆಯೇ ಹೋಗಬೇಕು, ನಿಮ್ಮ ಸೆಟ್ಟು ಅದನ್ನು ಅಲ್ಲಿಯ ಕಂಪನಿಯ ಜೊತೆ ಮಾಡಬಲ್ಲದೇ ಎಂಬುದು ಮೊದಲ ಪರೀಕ್ಷೆ. ಎಟಿ ಆ್ಯಂಡ್ ಟಿ ತಾನು ಒಪ್ಪಿದ ಮಾದರಿಗಳ ಪಟ್ಟಿಯನ್ನೇ ಇಟ್ಟುಕೊಂಡಿದೆ. ಆಸ್ಟ್ರೇಲಿಯಾ ಇನ್ನೂ ಬಿಗಿ: 2024ರ ಕೊನೆಗೆ ಅಲ್ಲಿ 3ಜಿ ಮುಚ್ಚಿತು, ತುರ್ತು ಸಂಖ್ಯೆ 000ಕ್ಕೆ ಕರೆ ಮಾಡಲಾಗದ ಸೆಟ್ಟನ್ನು ಕಂಪನಿಗಳು ನೆಟ್‌ವರ್ಕಿನಿಂದಲೇ ಹೊರಗಿಡಬೇಕು ಎಂಬ ನಿಯಮವಿದೆ. ಹೊರಡುವ ಮುಂಚೆಯೇ ಸೆಟ್ಟಿನ ಮಾದರಿಯ ಹೆಸರನ್ನು ಮಕ್ಕಳಿಗೆ ಕಳಿಸಿ, ಅವರು ಆ ಕಂಪನಿಯಲ್ಲಿ ವಿಚಾರಿಸಲಿ. ಜಿಯೋಭಾರತ್ ಫೋನ್ ಇದ್ದವರು ವಿಚಾರಿಸುವ ತೊಂದರೆಯನ್ನೂ ತಗೊಳ್ಳಬೇಡಿ. ಅದಕ್ಕೆ ಜಿಯೋ ಸಿಮ್ ಬಿಟ್ಟರೆ ಬೇರೆ ಯಾವುದೂ ಹಿಡಿಸುವುದಿಲ್ಲ.

ಇದರ ಉಲ್ಟಾ ಸಮಸ್ಯೆಯೂ ಇದೆ. ಅಮೆರಿಕದಿಂದ ಬಂದ ಮಗ ತನ್ನ ಹಳೆಯ ಐಫೋನನ್ನು ಅಪ್ಪನಿಗೆ ಕೊಟ್ಟು ಹೋಗಿರುತ್ತಾನೆ. ಅಪ್ಪ ಅದನ್ನು ಹಿಡಿದು ಬಜಾರದ ಮೊಬೈಲ್ ಅಂಗಡಿಗೆ ಹೋಗುತ್ತಾನೆ, ಅಂಗಡಿಯ ಹುಡುಗ ಪಿನ್ನು ಹಿಡಿದು ಸಿಮ್ ಹಾಕುವ ತೂತು ಹುಡುಕುತ್ತಾನೆ. ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ. 2022ರ ಐಫೋನ್ 14ರಿಂದ ಈಚೆಗೆ ಅಮೆರಿಕದಲ್ಲಿ ಮಾರುವ ಐಫೋನುಗಳಲ್ಲಿ ಸಿಮ್ ಟ್ರೇ ಇಲ್ಲವೇ ಇಲ್ಲ. ಊರಿನ ನಂಬರನ್ನು ಇ-ಸಿಮ್ ಮಾಡಿಸದೆ ಆ ಫೋನಿನಲ್ಲಿ ಹಾಕಲಾಗದು. ಅದನ್ನು ಕಂತಿನ ಮೇಲೆ ಕೊಂಡಿದ್ದರೆ ಅಲ್ಲಿಯ ಕಂಪನಿಯ ಬೀಗವೂ ಇರಬಹುದು, ಅದನ್ನು ತೆಗೆಸಿಕೊಂಡೇ ಕೊಡಲು ಮಗನಿಗೆ ಹೇಳಿ.

ಇ-ಸಿಮ್ ಎಂದರೆ ಚಿಪ್ಪು ಫೋನಿನೊಳಗೇ ಕೂತಿರುತ್ತದೆ. ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ನಂಬರು ಇಳಿಯುತ್ತದೆ. ನಿಮ್ಮ ಫೋನಿಗೆ ಆ ಸವಲತ್ತು ಇದೆಯೇ ಎಂದು ತಿಳಿಯಲು *#06# ಒತ್ತಿ ನೋಡಿ. ಐಎಂಇಐ ಸಂಖ್ಯೆಯ ಜೊತೆ ಇಐಡಿ ಎಂಬ ಉದ್ದನೆಯ ಸಂಖ್ಯೆ ಕಂಡರೆ ಇದೆ. ಪರದೇಶದ ಪ್ರಯಾಣಕ್ಕೆ ಇದು ವರವೇ ಸರಿ. ಊರಿನ ಸಿಮ್ ಇದ್ದಲ್ಲೇ ಇರುತ್ತದೆ, ಅಲ್ಲಿಯ ಪ್ಲಾನನ್ನು ಮಗ ಮುಂಚೆಯೇ ಕೊಂಡು ಕೋಡ್ ಕಳಿಸಿದರೆ ಇಲ್ಲೇ ಮನೆಯ ವೈಫೈನಲ್ಲಿ ಇಳಿಸಿಕೊಂಡು ಹೊರಡಬಹುದು. ಆದರೆ ಸಿಕ್ಕ ಸಿಕ್ಕ ಆ್ಯಪಿನಲ್ಲಿ ಕೊಳ್ಳಬೇಡಿ. ಪರದೇಶದ ಸಿಮ್ಮನ್ನು ಭಾರತದಲ್ಲಿ ಮಾರುವವರಿಗೆ ದೂರಸಂಪರ್ಕ ಇಲಾಖೆಯ ನಿರಾಕ್ಷೇಪಣಾ ಪತ್ರ ಇರಬೇಕು. ಅದು ಇಲ್ಲವೆಂಬ ಕಾರಣಕ್ಕೆ 2024ರ ಜನವರಿಯಲ್ಲಿ ಏರಾಲೋ, ಹೋಲಾಫ್ಲೈ ಎಂಬ ಜಗತ್ಪ್ರಸಿದ್ಧ ಆ್ಯಪುಗಳನ್ನೇ ಇಲ್ಲಿಯ ಆ್ಯಪ್ ಸ್ಟೋರುಗಳಿಂದ ತೆಗೆಸಲಾಯಿತು.

ಕೊಲ್ಲಿಗೆ ಹೊರಟವರಿಗೆ, ಹಜ್‌ಗೆ ಹೊರಟ ಚಾಚಾ-ಚಾಚಿಯರಿಗೆ ಬೇರೆಯೇ ಲೆಕ್ಕ. ದುಬೈ, ಅಬುಧಾಬಿಯಲ್ಲಿ ವಾಟ್ಸ್ಯಾಪ್ ಮೆಸೇಜು ಹೋಗುತ್ತದೆ, ವಾಟ್ಸ್ಯಾಪ್ ಕರೆ ಹೋಗುವುದಿಲ್ಲ. ಅಲ್ಲಿಯ ಸರಕಾರ ಒಪ್ಪಿದ ಬೋಟಿಮ್‌ನಂಥ ಆ್ಯಪುಗಳೇ ಗತಿ, ಅದನ್ನು ಊರಿನವರ ಫೋನಿಗೂ ಇಲ್ಲೇ ಹಾಕಿಸಿ ಹೋಗಬೇಕು. ತಮಾಷೆಯೆಂದರೆ, ಭಾರತದ ಸಿಮ್ ರೋಮಿಂಗ್‌ನಲ್ಲಿದ್ದರೆ ಅದರ ಡೇಟಾ ಸಾಮಾನ್ಯವಾಗಿ ಭಾರತಕ್ಕೆ ಬಂದೇ ಹೊರಬೀಳುತ್ತದೆ, ಹಾಗಾಗಿ ಅದೇ ದುಬೈನಲ್ಲಿ ಅದರ ಮೇಲೆ ವಾಟ್ಸ್ಯಾಪ್ ಕರೆ ರಿಂಗಾಗುವುದುಂಟು. ಯಾರಾದರೂ ಹುಡುಗರು "ವಿಪಿಎನ್ ಹಾಕಿಕೊಡ್ತೀನಿ ಚಾಚಾ" ಅಂದರೆ ಬೇಡ ಅನ್ನಿ. ಆ ದೇಶದ ಕಾನೂನಿನ ತಂಟೆ ನಿಮಗೇಕೆ? ಸೌದಿಯಲ್ಲಿ 2016ರಿಂದ ಸಿಮ್ಮಿಗೆ ಬೆರಳಚ್ಚು ಕಡ್ಡಾಯ. ಹೀಗಾಗಿ ಎಸ್‌ಟಿಸಿ, ಮೊಬಿಲಿ, ಜೈನ್ ಯಾವ ಕಂಪನಿಯೇ ಇರಲಿ, ಪಾಸ್‌ಪೋರ್ಟ್ ಹಿಡಿದು ನೀವೇ ಕೌಂಟರಿಗೆ ಹೋಗಿ ಬೆರಳು ಕೊಡಬೇಕು. ರಸ್ತೆಯಲ್ಲಿ ಯಾರೋ ಮಾರುವ, ಬೇರೆಯವರ ಬೆರಳಿನ ಮೇಲೆ ಚಾಲೂ ಆದ ಸಿಮ್ ಮುಟ್ಟಬೇಡಿ. ಹಜ್ ಕಮಿಟಿಯ ಮೂಲಕ ಹೋಗುವವರು 2024ರಲ್ಲಿ ಬಂದ ಹಜ್ ಸುವಿಧಾ ಆ್ಯಪನ್ನೂ ಇಲ್ಲೇ ಹಾಕಿಸಿಕೊಳ್ಳಿ. ಮೀನಾ, ಅರಫಾತ್‌ನ ಗದ್ದಲದಲ್ಲಿ ನೆಟ್‌ವರ್ಕ್ ಕೈಕೊಡಬಹುದು, ಟೆಂಟಿನ ನಂಬರು ಕಾಗದದ ಮೇಲೂ ಬರೆದಿರಲಿ.

ಯುರೋಪಿಗೆ ಹೋಗುವವರು ನಮ್ಮಲ್ಲಿ ಕಡಿಮೆ, ಅದಕ್ಕೇ ಎರಡೇ ಮಾತು. ಜರ್ಮನಿಯಲ್ಲಿ 2017ರಿಂದ ಪ್ರೀಪೇಯ್ಡ್ ಸಿಮ್ಮಿಗೂ ಪಾಸ್‌ಪೋರ್ಟ್ ತಪಾಸಣೆ ಇದೆ. ಆದರೆ ಒಂದು ದೇಶದ ಸಿಮ್ ಯುರೋಪಿಯನ್ ಒಕ್ಕೂಟದ 27 ದೇಶಗಳಲ್ಲೂ ಹೆಚ್ಚಿನ ರೋಮಿಂಗ್ ದರವಿಲ್ಲದೆ ನಡೆಯುತ್ತದೆ. ಸ್ವಿಟ್ಜರ್ಲೆಂಡ್ ಒಕ್ಕೂಟದಲ್ಲಿಲ್ಲ, ಬಿಲ್ಲು ಹತ್ತುವುದು ಅಲ್ಲೇ.

ಇನ್ನು ಊರಿನ ನಂಬರು. ಕಬ್ಬು ಕಳಿಸಿ ಬಿಲ್ಲು ಬರುವ ಮುಂಚೆಯೇ ಹೊರಟವರು ನಿಮ್ಮಲ್ಲಿ ಎಷ್ಟೋ ಜನ. ಬಿಲ್ಲು ಖಾತೆಗೆ ಬಿದ್ದ ಮೆಸೇಜು ಬರುವುದು ಆ ನಂಬರಿಗೆ. ಪಿಎಂ-ಕಿಸಾನ್ ಕೆವೈಸಿಯ ಓಟಿಪಿ, ಆಧಾರಿನ ಓಟಿಪಿ, ಬ್ಯಾಂಕಿನ ಓಟಿಪಿ, ಗ್ಯಾಸ್ ಬುಕಿಂಗ್, ಪೆನ್ಶನ್ ಇದ್ದವರಿಗೆ ನವೆಂಬರಿನ ಜೀವನ ಪ್ರಮಾಣ, ಬನಹಟ್ಟಿಯ ನೇಕಾರ ಅಣ್ಣಂದಿರಿಗೆ ಸರಕಾರದ ಸಹಾಯಧನ ಜಮೆಯಾದ ಸುದ್ದಿ: ಎಲ್ಲವೂ ಅದಕ್ಕೇ. ಇಂದು ರೈತನ ಸಹಿ ಇರುವುದು ಹೆಬ್ಬೆಟ್ಟಿನಲ್ಲಿ ಅರ್ಧ, ಈ ಹತ್ತು ಅಂಕಿಯಲ್ಲಿ ಅರ್ಧ.

ಆ ನಂಬರು ಸಾಯುವುದು ಹೇಗೆ ಎಂದು ತಿಳಿದಿರಲಿ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್‌ನ ನಿಯಮದ ಪ್ರಕಾರ 90 ದಿನಕ್ಕಿಂತ ಕಡಿಮೆ ಅವಧಿಗೆ ಬಳಸದೆ ಬಿಟ್ಟ ಪ್ರೀಪೇಯ್ಡ್ ಸಿಮ್ಮನ್ನು ಕಂಪನಿ ಬಂದ್ ಮಾಡುವಂತಿಲ್ಲ. 90 ದಿನ ತುಂಬಿದಾಗ ಖಾತೆಯಲ್ಲಿ 20 ರೂಪಾಯಿ ಇದ್ದರೆ ಅದನ್ನು ಕಡಿದುಕೊಂಡು ಇನ್ನೂ 30 ದಿನ ಇಡಬೇಕು. ಅದೂ ಇಲ್ಲದಿದ್ದರೆ 15 ದಿನದ ಗಡುವು, ಆಮೇಲೆ ನಂಬರು ಹೋಯಿತು. ಹೋದ ನಂಬರನ್ನು ಕನಿಷ್ಠ 90 ದಿನ ಯಾರಿಗೂ ಕೊಡಬಾರದು. ಅದು ಕಳೆದ ಮೇಲೆ ಯಾರದೋ ಕೈಗೆ ಹೋಗಬಹುದು, ಆ ಯಾರದೋ ಫೋನಿಗೆ ನಿಮ್ಮ ಬ್ಯಾಂಕಿನ ಓಟಿಪಿ ಬರಬಹುದು. ಇದಕ್ಕೂ ಮುಂಚೆ, ರೀಚಾರ್ಜಿನ ವ್ಯಾಲಿಡಿಟಿ ಮುಗಿದು ಸ್ವಲ್ಪ ದಿನಕ್ಕೇ ಒಳಬರುವ ಕರೆ, ಮೆಸೇಜು ನಿಲ್ಲುತ್ತವೆ.

ದಾರಿ ಸರಳ. ಡೇಟಾ ಬೇಡ, ಬರೀ ಮಾತು ಮತ್ತು ಎಸ್ಸೆಮ್ಮೆಸ್ ಇರುವ ಪ್ಯಾಕನ್ನು ಕಂಪನಿಗಳು ಇಡಲೇಬೇಕು, ವಿಶೇಷ ಪ್ಯಾಕಿನ ಅವಧಿ 365 ದಿನದವರೆಗೂ ಇರಬಹುದು ಎಂದು 2024ರ ಡಿಸೆಂಬರಿನಲ್ಲಿ ಟ್ರಾಯ್ ಹೇಳಿತು. 2025ರ ಸುರುವಿಗೆ ಬಂದಾಗ ಇಂಥ ವರ್ಷದ ಪ್ಯಾಕು 2000 ರೂಪಾಯಿಯೊಳಗಿತ್ತು. ಅದನ್ನು ಹಾಕಿಸಿ. ಜೊತೆಗೆ ಇಂಟರ್‌ನ್ಯಾಷನಲ್ ರೋಮಿಂಗ್ ಸೇವೆ ಚಾಲೂ ಮಾಡಿಸಿ, ಪ್ಯಾಕ್ ಬೇಡ, ಸೇವೆ ಮಾತ್ರ. ಸಾಮಾನ್ಯವಾಗಿ ಬರುವ ಎಸ್ಸೆಮ್ಮೆಸ್ಸಿಗೆ ದುಡ್ಡು ಹಿಡಿಯುವುದಿಲ್ಲ, ಆದರೂ ನಿಮ್ಮ ಕಂಪನಿಯ ನಿಯಮವೇನು, ನೀವು ಹೋಗುವ ದೇಶದಲ್ಲಿ ಅದಕ್ಕೆ ಟವರ್ ಸಿಗುತ್ತದೆಯೇ ಎಂದು ಮೊದಲೇ ಕೇಳಿ ಖಾತ್ರಿ ಮಾಡಿಕೊಳ್ಳಿ. ಫೋನಿನ ಸೆಟ್ಟಿಂಗಿನಲ್ಲಿ ಊರಿನ ಸಿಮ್ಮಿನ ಡೇಟಾ ರೋಮಿಂಗ್ ಬಂದ್ ಇರಲಿ, ಡೇಟಾ ಅಲ್ಲಿಯ ಸಿಮ್ಮಿನದೇ ಇರಲಿ. ಊರಿನ ಸಿಮ್ಮಿಗೆ ಕರೆ ಬಂದರೆ ಎತ್ತಬೇಡಿ, ಕತ್ತರಿಸಿ ವಾಟ್ಸ್ಯಾಪಿನಲ್ಲಿ ಮಾಡಿ. ಹೆಸರುಗಳನ್ನೆಲ್ಲ ಮುಂದೆ +91 ಹಚ್ಚಿ ಸೇವ್ ಮಾಡಿಸಿ; ಬರೀ ಹತ್ತು ಅಂಕಿಯ ನಂಬರಿಗೆ ಅಲ್ಲಿಂದ ಕರೆ ಹೋಗುವುದಿಲ್ಲ. ಬೆಳಗಾದರೆ ಬಂದು ಬೀಳುವ ಶುಭೋದಯದ ಫೋಟೋಗಳು ತಾವಾಗಿಯೇ ಇಳಿಯದಂತೆ ಮಾಡಿದರೆ ಡೇಟಾನೂ ಉಳಿಯಿತು.

ಊರಿನ ಸಿಮ್ ತೆಗೆದು ಪರ್ಸಿನಲ್ಲಿಟ್ಟುಕೊಳ್ಳುವ ಹಳೆಯ ಪದ್ಧತಿ ಬಿಡಿ. ಯಾವ ನಂಬರಿನಿಂದ ನೋಂದಣಿಯಾಗಿದೆಯೋ ಆ ಸಿಮ್ ಫೋನಿನಲ್ಲಿ ಇಲ್ಲದೆ ಆ್ಯಪ್ ನಡೆಯಕೂಡದು ಎಂದು ದೂರಸಂಪರ್ಕ ಇಲಾಖೆ 2025ರ ನವೆಂಬರ್ 28ರಂದು ವಾಟ್ಸ್ಯಾಪ್, ಟೆಲಿಗ್ರಾಂ, ಸಿಗ್ನಲ್ ಮುಂತಾದವುಗಳಿಗೆ ಸೂಚನೆ ಕೊಟ್ಟಿದೆ. ಎರಡು ಸಿಮ್ ಹಿಡಿಯುವ ಫೋನೇ ಕೈಯಲ್ಲಿರಲಿ.

ಹೊರಡುವ ಹಿಂದಿನ ದಿನ ಸಿಮ್ ಬದಲಿಸುವುದಾಗಲಿ, ಇ-ಸಿಮ್‌ಗೆ ತಿರುಗಿಸುವುದಾಗಲಿ ಮಾಡಲೇಬೇಡಿ. ಸಿಮ್ ಬದಲಾದ ಮೇಲೆ 24 ತಾಸು ಎಸ್ಸೆಮ್ಮೆಸ್ ನಿಲ್ಲಿಸುವ ನಿಯಮವಿದೆ. ವಂಚಕರಿಗೆ ಹಾಕಿದ ಬೇಲಿ ಅದು, ಬೆಂಗಳೂರಿನ ರಾತ್ರಿ ಬಸ್ಸು ಹಿಡಿದ ನಿಮಗೂ ಅಡ್ಡ ಬರುತ್ತದೆ.

ಎಲ್ಲಕ್ಕಿಂತ ದೊಡ್ಡ ತೊಡಕು ನಮ್ಮ ಕಡೆ ಬೇರೆಯೇ ಇದೆ. ನಿಮ್ಮ ಸಿಮ್ ಯಾರ ಹೆಸರಿನಲ್ಲಿದೆ? ಹತ್ತು-ಹದಿನೈದು ವರ್ಷದ ಹಿಂದೆ ಅಳಿಯನೋ, ತಮ್ಮನ ಮಗನೋ ತನ್ನ ದಾಖಲೆ ಕೊಟ್ಟು ತಂದುಕೊಟ್ಟ ಸಿಮ್ ಇನ್ನೂ ಅವನ ಹೆಸರಿನಲ್ಲೇ ನಡೆದಿರುತ್ತದೆ. ಅದು ಪರದೇಶದಲ್ಲಿ ಕಳೆದರೆ ಬದಲಿ ಸಿಮ್ ಸಿಗುವುದು ದಾಖಲೆಯಲ್ಲಿರುವ ಹೆಸರಿನವನಿಗೆ. ಅವನು ಈಗ ಪುಣೆಯಲ್ಲೋ ಸಾಂಗಲಿಯಲ್ಲೋ ಇರುತ್ತಾನೆ, ಅಥವಾ ನಿಮ್ಮ ಜೊತೆ ಮಾತು ಬಿಟ್ಟಿರುತ್ತಾನೆ. ಸರಕಾರದ ಸಂಚಾರ ಸಾಥಿ ಜಾಲತಾಣದಲ್ಲಿ ನಿಮ್ಮ ಹೆಸರಿನ ಮೇಲೆ ಎಷ್ಟು ನಂಬರು ಇವೆ ಎಂದು ನೋಡಬಹುದು. ನಿಮ್ಮ ನಂಬರು ಇನ್ನೂ ಅವನ ಹೆಸರಿನಲ್ಲೇ ಇದ್ದರೆ, ಇಬ್ಬರೂ ಕಂಪನಿಯ ಸೆಂಟರಿಗೆ ಹೋಗಿ ಹೆಸರು ಬದಲಾಯಿಸಿಕೊಳ್ಳಿ.

"ನಮಗ ಇದೆಲ್ಲ ತಿಳಿಯೂದಿಲ್ರಿ" ಅನ್ನಬೇಡಿ. 1989ರಲ್ಲಿ ಸರಕಾರದ ದಾರಿ ಕಾಯದೆ ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಅಡ್ಡ ಬ್ಯಾರೇಜು ಕಟ್ಟಿದ ಸೀಮೆಯ ಜನ ನೀವು.

ಇನ್ನೊಂದು ಮಾತು ಕಟ್ಟುನಿಟ್ಟಾಗಿ ಹೇಳುತ್ತೇನೆ. ಹೊರಡುವ ಹೊತ್ತಿಗೆ ಪರಿಚಯದವರೋ, ಏಜೆಂಟರೋ ಚಾಲೂ ಇರುವ ನಾಲ್ಕಾರು ಸಿಮ್ ಕೊಟ್ಟು "ಅಲ್ಲಿ ನಮ್ಮಾವ ಬಂದು ಇಸ್ಕೊಂಡು ಹೋಗ್ತಾನ" ಅಂದರೆ ಒಪ್ಪಬೇಡಿ. ಭಾರತದ ಸಿಮ್ಮುಗಳು ಹೀಗೆಯೇ ಆಗ್ನೇಯ ಏಷ್ಯಾದ ವಂಚಕರ ಕೈ ಸೇರಿವೆ, ಅವುಗಳಿಂದಲೇ ನಮ್ಮವರಿಗೆ "ಡಿಜಿಟಲ್ ಅರೆಸ್ಟ್" ಕರೆಗಳು ಬಂದಿವೆ. 2024ರ ಜೂನ್ 26ರಿಂದ ಜಾರಿಗೆ ಬಂದ ದೂರಸಂಪರ್ಕ ಕಾಯ್ದೆಯ ಕಲಮುಗಳ ಪ್ರಕಾರ ಮೋಸದಿಂದ ಸಿಮ್ ಪಡೆದವರಿಗೆ ಮೂರು ವರ್ಷದವರೆಗೆ ಜೈಲು, 50 ಲಕ್ಷ ರೂಪಾಯಿವರೆಗೆ ದಂಡ. ನೀವು ಪರದೇಶದಲ್ಲಿರುವಾಗ ಖಾತೆಯಿಂದ ದುಡ್ಡು ಹೋದದ್ದು ಗೊತ್ತಾದರೆ ಮೊದಲು ಬ್ಯಾಂಕಿಗೆ ತಿಳಿಸಿ. ಊರಿನಲ್ಲಿರುವ ಮಗಳೋ ತಮ್ಮನೋ ಆ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಲಿ, ಅದನ್ನು ಅವರಿಗೆ ಈಗಲೇ ಹೇಳಿಟ್ಟು ಹೋಗಿ.

ರೊಟ್ಟಿ ಕಟ್ಟುವುದನ್ನು ಕೊನೆಯ ದಿನಕ್ಕೆ ಇಟ್ಟುಕೊಳ್ಳಿ. ಫೋನಿನ ಕೆಲಸಕ್ಕೆ ಮಾತ್ರ ಹದಿನೈದು ದಿನ ಮೊದಲೇ, ಆಧಾರ್ ಕಾರ್ಡು ಕಿಸೆಯಲ್ಲಿಟ್ಟುಕೊಂಡು, ಫೋನು ಬಳಸುವವರೇ ಖುದ್ದು ಕಂಪನಿಯ ಸೆಂಟರಿಗೆ ಹೋಗಿ.

ಇತಿ,
ಜಮಖಂಡಿಯಿಂದ ನಿಮ್ಮವನೇ ಒಬ್ಬ